ಸೋರೆಬುರುಡೆ

ಗುರುವಾರ, 9 ಮೇ 1991
ದಿಗ್ಗೇವಾಡಿ ಹೊಳೆದಂಡೆ

ಎಷ್ಟು ತೊಳೆದರೂ ಕೈಗೆ ರೊಟ್ಟಿಹಿಟ್ಟಿನ ವಾಸನೆ. ಸಾಹಸ ಕಲಿಸುವ ಶಿಬಿರವಂತೆ ಇದು.

ಇವತ್ತು ಹೊಳೆ ದಾಟುವುದಿತ್ತು. ಚಿಕ್ಕವಳಿದ್ದಾಗ ಬೆನ್ನಿಗೆ ಕಟ್ಟಿಕೊಂಡು ಈಸು ಕಲಿತ ಒಣ ಸೋರೆಬುರುಡೆಯನ್ನು, ಯಾರಿಗಾದರೂ ಬೇಕಾದೀತೆಂದು ಮನೆಯಿಂದ ತಂದಿದ್ದೆ. ಶಿಬಿರದ ಸರ್ ಅದನ್ನು ಇಸಿದುಕೊಂಡು ಈಸು ಬಾರದ ಭರಮುವಿನ ಬೆನ್ನಿಗೆ ಕಟ್ಟಿದರು. ಆಮೇಲೆ ನಮ್ಮ ಕಡೆ ತಿರುಗಿ, "ಹುಡುಗ್ಯಾರು ರೊಟ್ಟಿ ಬಡೀರಿ" ಎಂದರು.

"ನನಗ ಈಸಾಕ ಬರತೈತ್ರಿ ಸರ."

"ರೊಟ್ಟಿ ಬಡ್ಯಾಕೂ ಬರತೈತಲ್ಲವಾ."

ಎಲ್ಲರೂ ನಕ್ಕರು. ನನ್ನ ಗೆಳತಿ ದ್ರೌಪದಿಯೂ ನಕ್ಕಳು. ಹೊಟ್ಟೆ ಉರಿಯುತ್ತಿರುವುದು ಅದಕ್ಕೇ. ಸರ್‌ಗಂತೂ ಈಸು ಬರುವುದೇ ಇಲ್ಲ, ದೋಣಿಯಲ್ಲಿ ಕೂತು "ಕೈ ಹೊಡೀರಿ" ಎಂದು ಒದರುತ್ತಿದ್ದರು.

ಸಂಜೆ ಧೈರ್ಯದ ಬಹುಮಾನ ಭರಮುವಿಗೆ. ನಾನೂ ಚಪ್ಪಾಳೆ ತಟ್ಟಿದೆ, ಥೂ. ಬುರುಡೆ ವಾಪಸು ಕೊಡಲು ಬಂದವನು ಕೇಳಿದ್ದೇನು? "ರೊಟ್ಟಿ ಉಳದಾವೇನ ಬೇ?"

ನಾಳೆ ಎಲ್ಲರೂ ನಾಷ್ಟಾಕ್ಕೆ ಕೂತಾಗ ನಾನು ಹೊಳೆಗೆ ಇಳಿಯುತ್ತೇನೆ. ದೋಣಿಯವನು ಬರುವುದು ಬಿಸಿಲೇರಿದ ಮೇಲೆ. ಬುರುಡೆಯನ್ನು ಒಲೆಯ ಪಕ್ಕ, ಸರ್ ಕಣ್ಣಿಗೆ ಬೀಳುವಂತೆ ಇಟ್ಟು ಹೋಗುತ್ತೇನೆ. ಆಚೆ ದಂಡೆಯಿಂದ ನನ್ನನ್ನು ಕರೆತರಬೇಕೆಂದರೆ ಅದನ್ನು ಕಟ್ಟಿಕೊಂಡು ಬರಲಿ.