ಸಾಲೋಟಗಿ ರಸ್ತೆಯ ಮುರುಮು, ಸಾಹೇಬರ ಸೈಕಲ್ ದಾರಿ

ನಮ್ಮ ರಸ್ತೆಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಹೋದ ದೀಪಾವಳಿಯ ಮರುವಾರ ಸಾಲೋಟಗಿ–ಇಂಡಿ ರಸ್ತೆಯ ಅಂಚು ತುಂಬಲೆಂದು ಸುರಿಸಿದ್ದ ಮುರುಮನ್ನು, ಆ ಕೆಂಪು ಗರಸು ಮಣ್ಣನ್ನು, ಒಂದು ಬುಟ್ಟಿಯನ್ನೂ ಹರಡದೆ, ನೀವು ಎತ್ತಿಸಿಕೊಂಡು ಹೋದಿರಿ. ಅದೇ ಮುರುಮು ಈಗ ನಿಮ್ಮ ವಸತಿಗೃಹಗಳ ಕಂಪೌಂಡಿನೊಳಗೆ ಸೈಕಲ್ ದಾರಿಯಾಗಿದೆ. ಎರಡೂ ಬದಿಗೆ ದೀಪ, ದೀಪದ ಕೆಳಗೆ ಕಣಗಿಲೆ ಗಿಡ, ಸಂಜೆ ಧೂಳು ಏಳದಂತೆ ಟ್ಯಾಂಕರಿನ ನೀರು. ನನಗೆ ಹೊಟ್ಟೆಕಿಚ್ಚಾಗಿದೆ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಕಚೇರಿಯವರು ಕೊನೆಗೆ ಹೇಳುವುದೂ ಇದನ್ನೇ.

ನಾನೂ ನನ್ನ ಹೆಂಡತಿ ಸುನಂದಾಳೂ ಇಂಡಿಯ ಒಂದೇ ಪ್ರೌಢಶಾಲೆಯಲ್ಲಿ ಪಾಠ ಹೇಳುವವರು. ಬಹಳ ವರ್ಷ ಸಾಲೋಟಗಿಯಿಂದ ಕಾರಿನಲ್ಲಿ ಓಡಾಡಿದೆವು. ನನ್ನ ಸಕ್ಕರೆ ಏರಿತು, ಆಕೆಯ ಮೊಣಕಾಲು ಹಿಡಿಯಿತು. ಇಂಥ ಬಯಲು ಗಾಳಿಯ ಊರಿನಲ್ಲಿ ಗಾಜು ಏರಿಸಿಕೊಂಡು ಹೊಗೆ ಬಿಡುತ್ತ ಹೋಗುವುದು ನಾಚಿಕೆ ಅನ್ನಿಸಿ, ಎರಡು ವರ್ಷದ ಹಿಂದೆ ಕಾರನ್ನು ಹಿತ್ತಲಲ್ಲಿ ನಿಲ್ಲಿಸಿ ಎರಡು ಸೈಕಲ್ ತಂದೆವು. ನಮ್ಮ ಸೀಮೆಯಲ್ಲಿ ಕಾರಿದ್ದವರು ಸೈಕಲ್ ಹತ್ತಿದರೆ ಜನ ಅದನ್ನು ವ್ಯಾಯಾಮ ಎಂದು ತಿಳಿಯುವುದಿಲ್ಲ, ಆಪತ್ತು ಎಂದು ತಿಳಿಯುತ್ತಾರೆ. ಮೊದಲ ತಿಂಗಳು ಹೋಗುವ ಬರುವ ಗಾಡಿಗಳೆಲ್ಲ ನಮಗಾಗಿ ನಿಂತವು. ತರಕಾರಿ ಟೆಂಪೋದ ಗೈಬುಸಾಬನಂತೂ ಇಳಿದೇ ಬರುತ್ತಿದ್ದ.

“ಸರ, ಕಾರ ಕೆಟ್ಟೈತೇನ್ರಿ? ಸೈಕಲ್ ಹಿಂದ ಒಗೀರಿ, ಅಕ್ಕೋರ್ನ ಮುಂದ ಕುಂದ್ರಸ್ರಿ.”

ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಶಾಲೆಯ ಪ್ರಾರ್ಥನೆ ಮುಗಿದಿರುತ್ತಿತ್ತು. ಆದರೂ ಬಿಡಲಿಲ್ಲ. ಸಕ್ಕರೆ ಇಳಿಯಿತು, ಪ್ಯಾಂಟು ಸಡಿಲಾಯಿತು. ಅದಕ್ಕಿಂತ ದೊಡ್ಡದು, ಮನೆಯ ಗದ್ದಲದಲ್ಲಿ ಆಡಲಾಗದ ಮಾತನ್ನೆಲ್ಲ ಗಂಡ ಹೆಂಡತಿ ದಾರಿಯಲ್ಲಿ ಆಡಿ ಮುಗಿಸುತ್ತಿದ್ದೆವು. ಕಾರಿನಲ್ಲಿ ಅಷ್ಟು ವರ್ಷ ಜೊತೆಗೆ ಕೂತು ನಾವು ಕೇಳಿದ್ದು ರೇಡಿಯೋ ಮಾತ್ರ.

ಆ ರಸ್ತೆಯನ್ನು ಅಗಲ ಮಾಡುವಾಗ ಬದಿಯ ಬೇವಿನ ಮರಗಳನ್ನು ಕಡಿಯಲಾಯಿತು. ಅಂದು ನಿಮ್ಮ ಕುರ್ಚಿಯಲ್ಲಿದ್ದವರು ನಮ್ಮೂರ ಕಟ್ಟೆಯ ಮೇಲೆ ನಿಂತು, ನೆರಳು ಹೋದರೂ ನಡೆಯುವವರಿಗೆ, ಸೈಕಲ್ಲಿನವರಿಗೆ ಗಟ್ಟಿ ಅಂಚು ಕೊಡುತ್ತೇವೆ ಎಂದರು. ನನಗೆ ಚೆನ್ನಾಗಿ ನೆನಪಿದೆ. ಅವರು ಕುಡಿದ ಮಜ್ಜಿಗೆ ನಮ್ಮ ಮನೆಯದು. ಆಮೇಲೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿತು, ಅಂಚು ಗೇಣುದ್ದ ತಗ್ಗಿಗೆ ಇಳಿಯಿತು. ಹೀಗಿರುವಾಗ ಮುರುಮಿನ ಗುಡ್ಡೆ ಬಿದ್ದರೆ ಊರಿಗೆ ಹೇಗಾಗಬೇಡ? ಗುಡ್ಡೆಗೆ ಕಾಯಿ ಒಡೆದೆವು. ನಿಮ್ಮನ್ನು ಕರೆಸಿ ರುಮಾಲು ಸುತ್ತಿದೆವು, ಶಾಲು ಹೊದಿಸಿದೆವು, ಫೋಟೋ ಪತ್ರಿಕೆಗೆ ಕಳಿಸಿದೆವು. ಎಂಟು ದಿನ ಕಳೆದ ಮೇಲೆ ಗುಡ್ಡೆ ಇರಲಿಲ್ಲ.

ಸಂಕ್ರಾಂತಿ ಮುಗಿದ ವಾರ, ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಹಾಡು ಜೋರಾಗಿ ಹಚ್ಚಿಕೊಂಡು ಒಂದು ಟ್ರ್ಯಾಕ್ಟರ್ ಹಿಂದಿನಿಂದ ಬಂತು. ಜೋಡಿಯಾಗಿ ಹೋಗಲು ಜಾಗವಿಲ್ಲದೆ ನಾನು ಮುಂದಾದೆ, ಸುನಂದಾ ಹಿಂದಾದಳು. ಟ್ರ್ಯಾಕ್ಟರ್ ದಾಟಿ ಹೋದ ಮೇಲೂ ನಾನು ಮಾತಾಡುತ್ತಲೇ ಹೋದೆ. ಉತ್ತರ ಬರಲಿಲ್ಲವೆಂದು ತಿರುಗಿ ನೋಡಿದೆ. ತಗ್ಗಿನಲ್ಲಿ ಸೈಕಲ್ ಮೇಲಿತ್ತು, ಅವಳು ಕೆಳಗಿದ್ದಳು. ಬಲಗೈ ಮುರಿದಿತ್ತು.

ಊರವರು ನಾಲ್ಕು ಜನ ನಿಮ್ಮ ಕಚೇರಿಗೆ ಬಂದು ಮುರುಮು ಎಲ್ಲಿ ಎಂದು ಕೇಳಿದೆವು. ನೀವು ಟೇಬಲ್ಲಿನ ಗಾಜಿನ ಕೆಳಗಿದ್ದ ಪತ್ರಿಕೆಯ ತುಂಡನ್ನು, ರುಮಾಲು ಸುತ್ತಿಕೊಂಡ ನಿಮ್ಮ ಫೋಟೋವನ್ನು ತೋರಿಸಿದಿರಿ.

“ಕೆಲಸ ಆಗದೆ ಯಾರಾದರೂ ಸನ್ಮಾನ ಮಾಡ್ತಾರೇನ್ರೀ?”

ಮಾಡುತ್ತಾರೆ ಸಾಹೇಬರೇ. ನೀವು ಬೇರೆ ಕಡೆಯಿಂದ ಬಂದವರು, ನಿಮಗೆ ತಿಳಿದಿರಲಿಕ್ಕಿಲ್ಲ. ಇಂಡಿಯಲ್ಲಿ ಕೇಳಿ, ಸಿಂದಗಿಯಲ್ಲಿ ಕೇಳಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಕೇಳಿ. ಇಲ್ಲಿ ಶಾಲು ಮೊದಲು, ಕೆಲಸ ಆಮೇಲೆ. ಹೊದಿಸಿಕೊಂಡವನಿಗೆ ಮರ್ಯಾದೆ ಹುಟ್ಟಿ ಕೆಲಸ ಮಾಡಿಯಾನು ಎಂಬುದು ನಮ್ಮವರ ಲೆಕ್ಕ. ಸಾವಿರ ವರ್ಷಕ್ಕೂ ಹಿಂದೆ ನಮ್ಮೂರಿನಲ್ಲಿ ಓದುವ ಹುಡುಗರ ದೀಪದ ಎಣ್ಣೆಗೆಂದು ಭೂಮಿ ಬಿಟ್ಟ ಒಬ್ಬ ಮಂತ್ರಿ, ಅದನ್ನು ಕಂಬದ ಮೇಲೆ ಕೊರೆಸಿದ. ಆ ಎಣ್ಣೆಯನ್ನು ಅವನು ತನ್ನ ಅಂಗಳಕ್ಕೆ ಸಾಗಿಸಿದ ಎಂದು ಶಾಸನದಲ್ಲಿ ಎಲ್ಲೂ ಇಲ್ಲ.

ಈ ಜೂನ್ ತಿಂಗಳು ಸೈಕಲ್ ದಿನವೆಂದು ನೀವು ಭಾಷಣ ಮಾಡಿದಿರಿ. ವಾಹನ ಬಿಡಿ, ಸೈಕಲ್ ತುಳಿಯಿರಿ, ದೇಹ ಉಳಿಸಿ, ಭೂಮಿ ಉಳಿಸಿ ಎಂದಿರಿ. ಗೇರಿನ ಸೈಕಲ್ಲನ್ನು ಜೀಪಿನಲ್ಲಿ ತಂದಿಳಿಸಿ, ಫೋಟೋ ಆದ ಮೇಲೆ ಜೀಪಿನಲ್ಲೇ ಒಯ್ದಿರಿ. ನಾನು ಅಂದು ಸಂಜೆ ನಿಮ್ಮ ಕಂಪೌಂಡಿನ ಗೇಟಿಗೆ ಬಂದಿದ್ದೆ. ಕಾವಲಿನ ಧರೆಪ್ಪ ನಮ್ಮೂರಿನವನೇ.

“ಸರ, ಇದು ಸಾಹೇಬ್ರ ಹಾದಿ ಐತ್ರಿ. ಹೊರಗ ನಿಂತು ನೋಡಾಕ ಅಡ್ಡಿ ಇಲ್ರಿ,” ಎಂದು ಸ್ಟೂಲು ಕೊಟ್ಟ.

ನೋಡಿದೆ. ನೀವೂ ನಿಮ್ಮ ಶ್ರೀಮತಿಯವರೂ ಜೋಡಿಯಾಗಿ ಸೈಕಲ್ ತುಳಿಯುತ್ತಿದ್ದಿರಿ. ಅವರೇನೋ ಹೇಳಿದರು. ನೀವು ಸ್ವಲ್ಪ ಹಿಂದೆ ಉಳಿದಿದ್ದಿರಿ, ಕೇಳಿಸಲಿಲ್ಲ. ಜೋರಾಗಿ ತುಳಿದು ಪಕ್ಕಕ್ಕೆ ಬಂದು ಏನೆಂದು ಮತ್ತೆ ಕೇಳಿದಿರಿ, ಅವರು ನಗುತ್ತ ಮತ್ತೆ ಹೇಳಿದರು. ಸಾಹೇಬರೇ, ನನಗೆ ನಿಮ್ಮ ಗೇರಿನ ಸೈಕಲ್ಲಿನ ಮೇಲೆ ಹೊಟ್ಟೆಕಿಚ್ಚಿಲ್ಲ, ಜೀಪಿನ ಮೇಲಿಲ್ಲ, ಕುರ್ಚಿಯ ಮೇಲೂ ಇಲ್ಲ. ಪಕ್ಕಕ್ಕೆ ಬಂದು ಮತ್ತೆ ಕೇಳಿದಿರಲ್ಲ, ಅದರ ಮೇಲಿದೆ.

ಸುನಂದಾಳ ಕೈ ಈಗ ನೆಟ್ಟಗಾಗಿದೆ, ಬೋರ್ಡಿನ ಮೇಲೆ ಬರೆಯುತ್ತಾಳೆ. ಆದರೆ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಾಳೆ. ಅಂಚು ತುಂಬಿದರೆ ನಾಳೆಯೇ ಸೈಕಲ್ ಹತ್ತುತ್ತಾಳಂತೆ. ಅಲ್ಲಿಯವರೆಗೆ ನಾನು ಕರೆದಾಗೆಲ್ಲ ಒಂದೇ ಮಾತು.

“ನೀವು ಹೋಗ್ರಿ. ಇಬ್ಬರೂ ಕೂಡಿ ತಗ್ಗಿನ್ಯಾಗ ಬಿದ್ರ ಸಾಲಿಗಿ ಸುದ್ದಿ ಮುಟ್ಟಸಾಕ ಒಬ್ಬರರೆ ಬೇಕಲ್ಲ.”

ಆದ್ದರಿಂದ ಈ ಪತ್ರ ಅಚ್ಚಾದ ಪತ್ರಿಕೆಯಲ್ಲೇ, ನಿಮ್ಮ ಹುದ್ದೆಯ ಸಹಿಯೊಂದಿಗೆ ಉತ್ತರ ಕೊಡಿ. ನಮ್ಮ ರಸ್ತೆಗೆ ಬಂದ ಮುರುಮನ್ನು ಯಾರ ಆದೇಶದ ಮೇಲೆ ಎತ್ತಿಸಿದಿರಿ? ಬರುವ ಕಬ್ಬಿನ ಹಂಗಾಮಿಗೆ ಮೊದಲು ಆ ಅಂಚನ್ನು ಇಬ್ಬರು ಜೋಡಿಯಾಗಿ ಹೋಗುವಷ್ಟು ತುಂಬಿಸುತ್ತೀರೋ, ಇಲ್ಲವೋ? ಕಚೇರಿಗೆ ಕರೆಸಿ ಚಹಾ ಕುಡಿಸಿ ನನ್ನ ಕಿವಿಯಲ್ಲಿ ಹೇಳಬೇಡಿ. ಸುನಂದಾ ದಿನವೂ ಪತ್ರಿಕೆ ಓದುತ್ತಾಳೆ. ಅವಳು ಓದುವಂತೆ ಹೇಳಿ.

ಇಂತಿ,
ಬಸ್ಸಿನ ಹಿಂದೆ ಒಬ್ಬನೇ ಸೈಕಲ್ ತುಳಿಯುವ
ಸಿದ್ದಲಿಂಗ ಹತ್ತಳ್ಳಿ
ಸಾಲೋಟಗಿ