ಭಟ್ಟಿಸಾಲಿನ ಉಸಿರುಪಟ್ಟಿ

ಕೆಂಚಾಪುರ,
ಗಾಳಿದಿಂಗಳ ಮೂವತ್ತಾರನೆಯ ದಿನ, ೨೧೬೮

ನಮಗಿಂತ ಮೊದಲು ಈ ಗಾಳಿಯನ್ನು ಉಸಿರಾಡಿದವರಿಗೆ,

ತಿಂಗಳಿಗೆ ಮೂವತ್ತಾರು ದಿನ ಎಲ್ಲಿಯದು ಎಂದು ನೀವು ಮೊದಲ ಸಾಲಿನಲ್ಲೇ ತಡವರಿಸಬಹುದು. ನಮ್ಮ ವರ್ಷಕ್ಕೆ ಹತ್ತೇ ತಿಂಗಳು. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ, ಅವನ್ನು ಬಿಡುದಿನ ಎನ್ನುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತವಳು. ಮಾತು ಅಲ್ಲಲ್ಲಿ ಸರ್ಕಾರಿ ನೋಟೀಸಿನ ಹಾಗೆ ಕೇಳಿದರೆ, ಗೊತ್ತಿಲ್ಲದ ಪದ ನುಸುಳಿದರೆ, ಕ್ಷಮಿಸಿ.

ನಾನು ಈ ಊರಿನ ಉಸಿರುಗಣಕಿ. ಇಲ್ಲಿ ಪ್ರತಿ ಮನೆಯ ಬಾಗಿಲ ಒಳಮಗ್ಗುಲಲ್ಲಿ ಒಂದು ಊದುಬಟ್ಟಲು ತೂಗುತ್ತಿರುತ್ತದೆ. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಮನೆಯವರು ಒಬ್ಬೊಬ್ಬರಾಗಿ ಅದಕ್ಕೆ ಊದುತ್ತಾರೆ. ಎದೆ ಎಷ್ಟು ಗಾಳಿ ಹಿಡಿಯುತ್ತದೆ, ಎಷ್ಟು ಬಿರುಸಾಗಿ ಬಿಡುತ್ತದೆ ಎಂಬುದು ನನ್ನ ಪಟ್ಟಿಗೆ ಬಂದು ಕೂರುತ್ತದೆ. ಹತ್ತು ದಿನಕ್ಕೊಮ್ಮೆ ಮಕ್ಕಳ ತೂಕವೂ ಬರುತ್ತದೆ. ಒಂದು ಬೀದಿಯ ಉಸಿರು ಮೂರು ದಿನ ಸತತವಾಗಿ ಇಳಿದರೆ ನಾನು ನಡೆದು ಹೋಗಿ ಅಲ್ಲಿ ಏನು ಉರಿಯುತ್ತಿದೆ ಎಂದು ನೋಡಿ ಬರುತ್ತೇನೆ. ಗಾಳಿದಿಂಗಳಲ್ಲಿ ಬಡಗಣ ಬಯಲಿನಿಂದ ಕೆಂಧೂಳು ಎದ್ದಾಗ ಶಾಲೆಗೆ ಧೂಳುರಜೆ ಕೊಡಿಸುವುದೂ ನನ್ನ ಕೆಲಸ, ಆದ್ದರಿಂದ ಮಕ್ಕಳಿಗೆ ನನ್ನ ಮೇಲೆ ವಿಶ್ವಾಸ. ನಮ್ಮ ಗಾಳಿ ಸ್ವರ್ಗದ್ದೇನಲ್ಲ. ಬಿಸಿಲು ನಿಮ್ಮ ಕಾಲಕ್ಕಿಂತ ಹೆಚ್ಚು, ನಾಲೆಯಲ್ಲಿ ನೀರು ಕಡಿಮೆ. ಮಂಡಕ್ಕಿಯನ್ನು ಈಗ ಬಿಸಿಲಕಾವಿನ ಉರುಳೆಗಳಲ್ಲಿ ಹುರಿಯುತ್ತಾರೆ. ಸಂಜೆ ಅದನ್ನು ಮಿರ್ಚಿಯ ಜೊತೆ ತಿನ್ನುವುದು ಮಾತ್ರ ಬದಲಾಗಿಲ್ಲ.

ಈ ಪಟ್ಟಿಯ ಮೊದಲ ಪುಟ ನಿಮ್ಮ ಕಾಲದ್ದು. ಅದು ಹೇಗೆ ಶುರುವಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಣ್ಣೆದುರೇ ನಡೆದದ್ದು ನಿಮಗೆ ಗೊತ್ತಿರಲಾರದು. ಅದು ಊರಿನ ಹಿಂಬದಿಯ ಭಟ್ಟಿಸಾಲಿನಲ್ಲಿ, ಮಂಡಕ್ಕಿ ಹುರಿಯುವ ಭಟ್ಟಿಗಳಿದ್ದ, ನೀವು ಮೂಗಿಗೆ ಬಟ್ಟೆ ಹಿಡಿದು ದಾಟಿಹೋಗುತ್ತಿದ್ದ ಓಣಿಯಲ್ಲಿ ನಡೆದದ್ದು.

ಡಾಕ್ಟರ್ ಕೊಟ್ರಮ್ಮ ಬಣಕಾರ ಆ ಓಣಿಗೆ ಬಂದಾಗ ಅವರಿಗೆ ಮೂವತ್ತೆಂಟು ವರ್ಷ. ಒಬ್ಬ ರೋಗಿಯ ನಾಡಿ ಹಿಡಿಯುವ ಬದಲು ಇಡೀ ಬೀದಿಯ ನಾಡಿ ಹಿಡಿಯುವುದು ಅವರ ವಿದ್ಯೆ: ಗಾಳಿಯಲ್ಲಿ ಏನಿದೆ, ಅದನ್ನು ಕುಡಿದವರಲ್ಲಿ ಎಷ್ಟು ಮಂದಿಗೆ ಏನಾಯಿತು ಎಂದು ವರ್ಷಗಟ್ಟಲೆ ಹೋಲಿಸಿ ನೋಡುವುದು. ಭಟ್ಟಿಸಾಲಿನ ಮುನ್ನೂರ ಹನ್ನೆರಡು ಮನೆಗಳ ಹೆಂಗಸರ ಸೊಂಟಕ್ಕೆ ಎರಡೆರಡು ದಿನ ಒಂದು ಪುಟ್ಟ ಪೆಟ್ಟಿಗೆ ಕಟ್ಟಬೇಕು, ನಿಮಿಷ ನಿಮಿಷಕ್ಕೂ ಅವರು ಉಸಿರಾಡುವ ಸಣ್ಣಧೂಳನ್ನು ಅದು ಅಳೆಯಬೇಕು, ಅವರೂ ಮಕ್ಕಳೂ ತಿಂಗಳಿಗೊಮ್ಮೆ ಯಂತ್ರಕ್ಕೆ ಊದಬೇಕು ಎಂಬುದು ಅವರ ಯೋಜನೆ. ಅಲ್ಲಿನ ಮಾತುಗಳನ್ನು ಅವರು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಹನ್ನೊಂದು ಗಂಟೆಗಳಷ್ಟು ಮಾತು ಉಳಿದಿದೆ, ನಾನು ಅದನ್ನೆಲ್ಲ ಕೇಳಿದ್ದೇನೆ.

ಮೊದಲ ದಿನ ಯಾರೂ ಪೆಟ್ಟಿಗೆ ಮುಟ್ಟಲಿಲ್ಲ. ಹುಸೇನಬಿ ಎಂಬ ಹೆಂಗಸು ಎಲ್ಲರ ಪರವಾಗಿ ಮಾತಾಡಿದಳು. ಇಪ್ಪತ್ತೆರಡು ವರ್ಷ ಕಾದ ಮರಳಿನಲ್ಲಿ ಅಕ್ಕಿ ಹುರಿದವಳು, ನಾಲ್ಕು ಮಾತಿಗೊಮ್ಮೆ ಕೆಮ್ಮುತ್ತಾಳೆ.

"ಡಾಕ್ಟ್ರಮ್ಮಾರೆ, ನಿಮ್ ಲೆಕ್ಕ ಬಂತು ಅಂದ್ರೆ ಭಟ್ಟಿ ಮುಚ್ಚಿಸ್ತಾರೆ. ಹೊಗೆ ಕುಡಿದು ಸಾಯಾಕೆ ಇಪ್ಪತ್ತು ವರ್ಷ ಬೇಕು. ಹಸ್ಕೊಂಡು ಸಾಯಾಕೆ ಇಪ್ಪತ್ತು ದಿನ ಸಾಕು."

"ಏನೇ ಬಂದ್ರೂ ಮೊದ್ಲು ನಿಮಗೇ ಹೇಳ್ತೀನಿ, ಹುಸೇನಕ್ಕ" ಎಂದರು ಕೊಟ್ರಮ್ಮ. "ನಿಮ್ಮನ್ನ ಕೇಳ್ದೆ ಎಲ್ಲೂ ಕೊಡಲ್ಲ."

ಆ ವಾರ ಹುಸೇನಬಿಯ ಸೊಸೆ ತಬಸ್ಸುಮ್ ಹೆತ್ತಳು. ಮಗು ಒಂದು ಕಿಲೋ ಎಂಟುನೂರು ಗ್ರಾಂ ಇತ್ತು. ಓಣಿಯಲ್ಲಿ ಅಂಥ ಕೂಸುಗಳು ಹೊಸದಾಗಿರಲಿಲ್ಲ. ಆದರೆ ಕೊಟ್ರಮ್ಮ ಆ ವರ್ಷದ ಹೆರಿಗೆಗಳ ತೂಕವನ್ನೆಲ್ಲ ಸಾಲಾಗಿ ಓದಿ ಹೇಳಿದಾಗ ಹುಸೇನಬಿ ಎದ್ದು ಪೆಟ್ಟಿಗೆಯನ್ನು ತಾನೇ ಸೊಂಟಕ್ಕೆ ಕಟ್ಟಿಕೊಂಡಳು. ಉಳಿದವರು ಅವಳನ್ನು ನೋಡಿ ಕಟ್ಟಿಕೊಂಡರು.

ಒಂದು ವರ್ಷ ಕೆಲಸ ಸರಾಗವಾಗಿ ನಡೆಯಿತು. ವರ್ಷದ ಕೊನೆಗೆ, ಸಂಶೋಧನೆಯ ಖರ್ಚು ಕೊಟ್ಟ ಸಂಸ್ಥೆಗೆ ಮಧ್ಯಂತರ ವರದಿ ಕಳಿಸಬೇಕಿತ್ತು. ಅದು ನಿಯಮ. ಕೊಟ್ರಮ್ಮ ಕಳಿಸಿದರು. ಓಣಿಗೆ ಬಂದು ಮುಂದಿನ ವಾರ ಹೇಳಿದರಾಯಿತು ಎಂದುಕೊಂಡರು. ಅಷ್ಟರಲ್ಲಿ ಅದರ ಒಂದು ಸಾಲು ಪತ್ರಿಕೆಗೆ ಹೋಯಿತು, ಪತ್ರಿಕೆಯಿಂದ ಒಬ್ಬ ಅಧಿಕಾರಿಯ ಮೇಜಿಗೆ ಹೋಯಿತು. ಸೋಮವಾರ ಭಟ್ಟಿಗಳ ಬಾಗಿಲಿಗೆಲ್ಲ ಮೊಹರು ಬಿತ್ತು.

ಮರುದಿನ ಅವರು ಓಣಿಗೆ ಹೋದಾಗ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವರ ದಿನಚರಿಯಲ್ಲಿ ಆ ದಿನಕ್ಕೆ ಇರುವುದು ಎರಡೇ ವಾಕ್ಯ: "ನಿಯಮ ನಿಯಮವೇ. ಆದರೆ ಮಾತು ಕೊಟ್ಟವಳು ನಾನು." ಅವರು ವಾಪಸು ಹೋಗಬಹುದಿತ್ತು, ಹೋಗು ಎಂದವರೂ ಇದ್ದರು. ಅವರು ಹುಸೇನಬಿಯ ಜಗುಲಿಯ ಮೇಲೆ ಕುಳಿತರು. ಮಧ್ಯಾಹ್ನ ಕಳೆದ ಮೇಲೆ ಹುಸೇನಬಿ ಹೊರಗೆ ಬಂದಳು.

"ತಪ್ಪು ನಂದೇ, ಅಕ್ಕ" ಎಂದರು ಕೊಟ್ರಮ್ಮ. "ಹೇಳಿ ಕಳಿಸ್ಬೇಕಿತ್ತು. ಹೇಳ್ಲಿಲ್ಲ."

"ನಿಮ್ ತಪ್ಪು ಒಪ್ಕೊಂಡ್ರೆ ನಮ್ ಒಲೆ ಹತ್ತತೇನ್ರಿ?"

ಧ್ವನಿಮುದ್ರಿಕೆಯಲ್ಲಿ ಇಲ್ಲಿ ಬಹಳ ಹೊತ್ತು ಬರೀ ಕೆಮ್ಮು ಕೇಳುತ್ತದೆ. ಆಮೇಲೆ ಹುಸೇನಬಿ ಹೇಳುತ್ತಾಳೆ: "ಈಗ ಹೊಗೆ ಇಲ್ಲ. ಹುಡುಗ್ರು ಚಲೋ ಊದ್ತಾರೆ, ಅಳೀರಿ, ಬರ್ಕಳ್ರಿ. ಆದ್ರೆ ಬರೀ ಉಸ್ರು ಅಳೀಬ್ಯಾಡ್ರಿ. ತಕ್ಕಡೀನೂ ತರ್ರಿ."

ಭಟ್ಟಿ ಮುಚ್ಚಿದ ನಲವತ್ತು ದಿನ ಕೊಟ್ರಮ್ಮ ತಕ್ಕಡಿ ಹೊತ್ತು ಓಣಿಗೆ ಬಂದರು. ಬಾಗಿಲು ತೆರೆದ ಮನೆಗಳ ಮಕ್ಕಳನ್ನೆಲ್ಲ ಊದಿಸಿದರು, ತೂಗಿದರು. ಇಪ್ಪತ್ತನೆಯ ದಿನದ ಹೊತ್ತಿಗೆ ಉಸಿರಿನ ಗೆರೆ ಏರಿತ್ತು, ಬಹುತೇಕ ಎಲ್ಲ ಮಕ್ಕಳದೂ. ತೂಕದ ಗೆರೆ ಇಳಿದಿತ್ತು, ಅದೂ ಬಹುತೇಕ ಎಲ್ಲ ಮಕ್ಕಳದು. ಎರಡು ಗೆರೆಗಳನ್ನೂ ಅವರು ಒಂದೇ ಹಾಳೆಯಲ್ಲಿ ಎಳೆದರು. ಉಸಿರಿನದನ್ನು ಮಾತ್ರ ತೋರಿಸಿ, ಅದೇ ನಿಮ್ಮ ವಿಷಯ ಎಂದು ಹಿರಿಯ ಸಂಶೋಧಕರೊಬ್ಬರು ಬರೆದ ಪತ್ರ ಕಡತದಲ್ಲಿದೆ. ಕೊಟ್ರಮ್ಮ ಕೊಟ್ಟ ಉತ್ತರವೂ ಇದೆ: "ಎರಡೂ ಒಂದೇ ಮಗುವಿನ ಮೈಯಿಂದ ಬಂದವು."

ಹಾಗಾದರೆ ಮಾಡುವುದೇನು ಎಂಬ ಪ್ರಶ್ನೆ ಉಳಿಯಿತು. ದಿನದ ಧೂಳೆಲ್ಲ ಒಂದೇ ಸಮ ಬರುತ್ತಿರಲಿಲ್ಲ ಎಂಬುದನ್ನು ಪೆಟ್ಟಿಗೆಗಳು ತೋರಿಸಿದ್ದವು. ಆದರೆ ಯಾವ ನಿಮಿಷ ಏನು ಉರಿಯುತ್ತಿತ್ತು ಎಂಬುದು ಪೆಟ್ಟಿಗೆಗೆ ಗೊತ್ತಿಲ್ಲ. ಓದುಬರಹ ಬಲ್ಲ ಹೆಂಗಸರಿಗೆ ಬರೆಯಲು ಹಾಳೆ ಕೊಟ್ಟಿದ್ದರು, ಅರ್ಧಕ್ಕರ್ಧ ಖಾಲಿ ಬಂದಿದ್ದವು. ಒಂದು ದಿನ ಕೊಟ್ರಮ್ಮ ಇದನ್ನು ಹೇಳಿ ಬೇಸರಪಟ್ಟಾಗ ಹುಸೇನಬಿ ಅವರನ್ನು ಮೊಹರು ಬಿದ್ದ ಭಟ್ಟಿಯ ಹಿಂಗೋಡೆಗೆ ಕರೆದುಕೊಂಡು ಹೋದಳು. ಗೋಡೆಯ ತುಂಬ ಇದ್ದಿಲ ಗುರುತುಗಳಿದ್ದವು.

"ನಂಗೆ ಓದಾಕೆ ಬರಲ್ಲ ಅಂತ ನೀವು ಹಾಳೆ ಕೊಡ್ಲಿಲ್ಲ" ಎಂದಳು. "ಓಣ್ಯಾಗೆ ಪೆಟ್ಟಿಗೆ ಕಟ್ಟಿದ ದಿನೆಲ್ಲ ಬರ್ದೀನಿ ನೋಡ್ರಿ. ಗೀಟು ಅಂದ್ರೆ ಹೊಟ್ಟು. ಸೊನ್ನೆ ಅಂದ್ರೆ ಟೈರು."

ಭತ್ತದ ಹೊಟ್ಟು ಬೇಗ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ ಬೆಳಿಗ್ಗೆ ಭಟ್ಟಿ ಹಚ್ಚುವಾಗ ಹಳೆಯ ಟೈರಿನ ತುಂಡು ಹಾಕುತ್ತಿದ್ದರು. ಗಿರಣಿಯ ಸೈರನ್ನು, ಶಾಲೆಯ ಗಂಟೆ, ಮಸೀದಿಯ ಬಾಂಗು, ಇವುಗಳ ನಡುವೆ ಅವಳು ಹೊತ್ತನ್ನು ಗುರುತಿಸಿದ್ದಳು. ಕೊಟ್ರಮ್ಮ ಮೂರು ದಿನ ಕೂತು ಗೋಡೆಯನ್ನೂ ಪೆಟ್ಟಿಗೆಯ ಅಂಕಿಗಳನ್ನೂ ಹೊಂದಿಸಿದರು. ದಿನವಿಡೀ ಹೆಂಗಸರ ಎದೆಗೆ ಇಳಿಯುತ್ತಿದ್ದ ಧೂಳಿನಲ್ಲಿ ಮೂರರಲ್ಲಿ ಎರಡು ಪಾಲು ಟೈರು ಉರಿಯುವ ಮೊದಲ ಅರ್ಧ ಗಂಟೆಯದಾಗಿತ್ತು.

ಈ ಸಲ ಅವರು ಮೊದಲು ಓಣಿಯಲ್ಲಿ ಓದಿದರು, ಹೆಂಗಸರೆಲ್ಲ ಕೂತಿದ್ದಾಗ. ಹುಸೇನಬಿ ಎಲ್ಲರ ಒಪ್ಪಿಗೆ ಕೇಳಿ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆಯೇ ವರದಿ ಹೊರಗೆ ಹೋಯಿತು. ಅದರ ಮೇಲೆ ಇಬ್ಬರ ಹೆಸರೂ ಇದೆ. ಆದೇಶ ತಿದ್ದುಪಡಿಯಾಯಿತು: ಟೈರು ಕೂಡದು, ಹೊಟ್ಟು ಹೊತ್ತಿಸಲು ಗಾಳಿಯಂತ್ರ, ಎತ್ತರದ ಚಿಮಣಿ. ಮೊಹರು ತೆಗೆದ ದಿನ ಭಟ್ಟಿಗಳು ಮತ್ತೆ ಉರಿದವು. ಮುಂದಿನ ಮೂರು ವರ್ಷಗಳಲ್ಲಿ ಓಣಿಯ ಕೂಸುಗಳ ತೂಕ ಸರಾಸರಿ ಇನ್ನೂರ ಹತ್ತು ಗ್ರಾಂ ಏರಿತು. ಓದುವವರಿಗೆ ಅದು ದೊಡ್ಡ ಸಂಖ್ಯೆಯಾಗಿ ಕಾಣದು. ಹೆತ್ತವರಿಗೆ ಗೊತ್ತು.

ಹುಸೇನಬಿಗೆ ಇದರಿಂದ ಏನೂ ಪ್ರಯೋಜನವಾಗಲಿಲ್ಲ. ಅವಳ ಎದೆ ಅಷ್ಟರಲ್ಲಿ ಕೆಟ್ಟುಹೋಗಿತ್ತು, ಆರನೆಯ ವರ್ಷ ತೀರಿಕೊಂಡಳು. ಕೊನೆಯ ತಿಂಗಳವರೆಗೂ ಯಂತ್ರಕ್ಕೆ ಊದಿದಳು. ಆ ಅಂಕಿಗಳು ಇಳಿಯುತ್ತ ಹೋಗುವುದನ್ನು ನಾನು ಈಗಲೂ ತೆರೆದು ನೋಡಬಲ್ಲೆ. ಕೊಟ್ರಮ್ಮ ಬೇರೆ ಊರಿನ ಕೆಲಸ ಒಪ್ಪಿಕೊಳ್ಳದೆ ಮೂವತ್ತು ವರ್ಷ ಅದೇ ಓಣಿಯ ಪಟ್ಟಿ ನಡೆಸಿದರು, ಅವರ ನಂತರ ಬೇರೆಯವರು ನಡೆಸಿದರು, ಹೀಗೆ ಅದು ನನ್ನ ಕೈಗೆ ಬಂತು.

ನಲವತ್ತೊಂದು ಮನೆಗಳು ಮಾತ್ರ ಆ ಸೋಮವಾರದ ನಂತರ ಬಾಗಿಲು ತೆರೆಯಲೇ ಇಲ್ಲ. ಕೊಟ್ರಮ್ಮ ಸಾಯುವವರೆಗೂ ವರ್ಷಕ್ಕೊಮ್ಮೆ ಆ ಬಾಗಿಲುಗಳನ್ನು ತಟ್ಟುತ್ತಿದ್ದರು. ಆ ಮನೆಯ ಮಕ್ಕಳು ಹೇಗೆ ಬೆಳೆದರು, ಎಷ್ಟು ಬದುಕಿದರು, ನಮಗೆ ತಿಳಿಯದು. ನಮ್ಮ ಲೆಕ್ಕಾಚಾರದಲ್ಲಿ ಇಂದಿಗೂ ಸರಿಹೋಗದ ಕೆಲವು ಪ್ರಶ್ನೆಗಳಿಗೆ ಉತ್ತರ ಅಲ್ಲಿತ್ತು ಎಂದು ನಾನು ನಂಬಿದ್ದೇನೆ. ಅವರನ್ನು ದೂರಲು ನನಗೆ ಮನಸ್ಸು ಬಾರದು. ಒಂದು ವಾರ ತಡವಾದ ಮಾತಿಗೆ ನೂರ ನಲವತ್ತು ವರ್ಷದ ಮೌನ ಬೆಲೆಯಾಯಿತು.

ನಾನು ಕೇಳುವುದು ಇಷ್ಟೇ. ನಿಮ್ಮ ಬೀದಿಗೂ ಒಂದು ದಿನ ಯಾರೋ ಪೆಟ್ಟಿಗೆ ಹಿಡಿದು ಬರುತ್ತಾರೆ. ಹಾಗೇ ಕಳಿಸಿಬಿಡಬೇಡಿ, ಹಾಗೇ ಒಪ್ಪಿಕೊಳ್ಳಲೂ ಬೇಡಿ. ಒಳಗೆ ಕರೆದು ಕೂರಿಸಿ, ಲೆಕ್ಕ ಬಂದ ಮೇಲೆ ಮೊದಲು ಯಾರಿಗೆ ಹೇಳುತ್ತೀರಿ ಎಂದು ಕೇಳಿ. ಅವರು ನಿಮಗೇ ಎಂದರೆ, ಎದೆ ತುಂಬ ಗಾಳಿ ತೆಗೆದುಕೊಂಡು ಊದಿ. ನಮಗೆ ಅದು ತಲುಪುತ್ತದೆ.

ಇಂತು,
ರುದ್ರಾಂಬೆ ಖಾಸಿಂ
ಉಸಿರುಗಣಕಿ, ಕೆಂಚಾಪುರ