ಒಂಬತ್ತನೆಯ ಪ್ರಶ್ನೆ

ಪ್ರೂಫ್ ಕೋಣೆಯಿಂದ
ಮಾರ್ಚ್ ೧೪, ಗುರುವಾರ

ಮಗಳ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಇಷ್ಟಕ್ಕೇ ತೃಪ್ತಿಪಟ್ಟುಕೊಳ್ಳಿ.

ನಿಮ್ಮ ಇಂಗ್ಲಿಷ್ ಅಭ್ಯಾಸ ಪುಸ್ತಕದ ಪ್ರೂಫ್ ನನ್ನ ಮೇಜಿಗೇ ಬಂದಿದೆ. ನಾವು ಬೇರೆಯಾಗಿ ಒಂದು ವರ್ಷವಾಗುತ್ತಾ ಬಂದರೂ ನಿಮ್ಮ ತಪ್ಪು ತಿದ್ದುವ ಕೆಲಸ ಇನ್ನೂ ನನ್ನದೇ. ಎರಡು ಪೂರ್ಣ ವಾಕ್ಯಗಳನ್ನು ಬರೀ ಕಾಮಾ ಹಾಕಿ ಅಂಟಿಸಬಾರದು. ನಡುವೆ ಪೂರ್ಣವಿರಾಮ ಬೇಕು, ಇಲ್ಲವೇ ಸೆಮಿಕೋಲನ್, ಇಲ್ಲವೇ ಕಾಮಾದ ಜೊತೆಗೆ ‘ಆ್ಯಂಡ್’, ‘ಬಟ್’ ಥರದ ಪದ ಎಂದು ಊರಿಗೆಲ್ಲ ಪಾಠ ಹೇಳುವವರು ನೀವು. ಉತ್ತರಗಳ ಪುಟದಲ್ಲಿ ಆರು ಕಡೆ ನೀವೇ ಬರೀ ಕಾಮಾ ಹಾಕಿದ್ದೀರಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ತಿದ್ದಿದ್ದೇನೆ.

ಅಸಹ್ಯವಾದದ್ದು ಅದಲ್ಲ, ಉದಾಹರಣೆಯ ವಾಕ್ಯಗಳಿಗೆ ಮನೆಯ ಮಾತನ್ನೇ ಹೆಕ್ಕುವ ನಿಮ್ಮ ಚಾಳಿ. ಹಿಂದೆ ನನ್ನ ಗೊರಕೆ, ನಿಮ್ಮ ತಂಗಿಯ ಜಿಪುಣತನ ಅಚ್ಚಾದಾಗ ನಾನೂ ನಕ್ಕಿದ್ದೆ. ಈ ಸಲ ಐದನೆಯ ಪ್ರಶ್ನೆಯಲ್ಲಿ ಹೆಂಡತಿ ಬಾಗಿಲು ಹಾಕಿಕೊಂಡಳು, ಗಂಡ ಊಟ ಬಿಟ್ಟ ಎಂದಿದೆ. ಊಟ ಬಿಟ್ಟವರು ಆ ದಿನ ತಂಗಿಯ ಮನೆಯಲ್ಲಿ ಎರಡು ಸಲ ಬಡಿಸಿಕೊಂಡರೆಂದು ನಾದಿನಿಯೇ ನನಗೆ ಹೇಳಿದ್ದಾಳೆ. ಹೋಗಲಿ.

ಒಂಬತ್ತನೆಯದಕ್ಕೆ ಮಾತ್ರ ಹೋಗಲಿ ಎನ್ನಲಾರೆ. ‘ಮಗು ಮೆಟ್ಟಿಲ ಕಡೆ ನಡೆಯಿತು. ತಾಯಿ ಫೋನ್ ಕೆಳಗಿಡಲಿಲ್ಲ.’ ಇವೆರಡನ್ನು ಸರಿಯಾಗಿ ಜೋಡಿಸಿ ಎಂದು ಕೇಳಿದ್ದೀರಿ. ಮಗಳು ಮೆಟ್ಟಿಲಿಂದ ಬಿದ್ದ ದಿನ, ಕಂಡೂ ಫೋನ್ ಇಡಲಿಲ್ಲವೆಂದು ಆಸ್ಪತ್ರೆಯ ಬೆಂಚಿನ ಮೇಲೆ ಅಳುತ್ತಾ ನಿಮ್ಮೊಬ್ಬರಿಗೇ ಒಪ್ಪಿಕೊಂಡಿದ್ದೆ. ಇಂದಿಗೂ ಅವಳ ಮೊಣಕೈ ಪೂರ್ತಿ ಮಡಚುವುದಿಲ್ಲ. ಈ ವರ್ಷ ಅವಳ ತರಗತಿಗೂ ಇದೇ ಪುಸ್ತಕ. ನಲವತ್ತು ಮಕ್ಕಳ ನಡುವೆ ಕೂತು ಅವಳೂ ನನ್ನ ತಪ್ಪನ್ನು ಜೋಡಿಸಬೇಕೇ? ನೀವು ಇಷ್ಟು ಕೀಳಾಗುತ್ತೀರಿ ಎಂದುಕೊಂಡಿರಲಿಲ್ಲ.

ಚಿಹ್ನೆಯನ್ನು ನಾನು ತಿದ್ದಬಹುದು. ಲೇಖಕರ ಸಹಿ ಇಲ್ಲದೆ ವಾಕ್ಯ ತೆಗೆಯುವಂತಿಲ್ಲ. ಅದು ನಮ್ಮ ಪ್ರೆಸ್ಸಿನ ನಿಯಮ. ಶನಿವಾರ ಅಚ್ಚಿಗೆ ಹೋಗುತ್ತದೆ. ಒಂಬತ್ತನೆಯದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಇದನ್ನು ತಂದವರ ಕೈಯಲ್ಲೇ ವಾಪಸ್ ಕಳಿಸಿ.

ಇತಿ,
ನಿಮ್ಮ ಪ್ರೂಫ್ ರೀಡರ್, ಅಷ್ಟೇ

ತಾ.ಕ. (ಶುಕ್ರವಾರ ಬೆಳಿಗ್ಗೆ): ಪ್ರೂಫನ್ನು ನಿನ್ನೆ ಮನೆಗೆ ಒಯ್ದದ್ದು ನನ್ನ ತಪ್ಪು. ಮಗಳು ಒಂಬತ್ತನೆಯದಕ್ಕೆ ಪೆನ್ಸಿಲಿನಲ್ಲಿ ಉತ್ತರ ಬರೆದಿಟ್ಟಿದ್ದಾಳೆ. ಜೋಡಣೆ ಸರಿಯಾಗಿದೆ. ಅದರ ಮುಂದೆ ತನ್ನದೊಂದು ವಾಕ್ಯ ಸೇರಿಸಿದ್ದಾಳೆ: ‘ಫೋನಿನ ಆ ಕಡೆ ಅಪ್ಪ ಕೂಗುತ್ತಿದ್ದರು.’ ಅದನ್ನು ನೀವು ಬರೆಯಲಿಲ್ಲ. ನಾನೂ ಅವಳಿಗೆ ಎಂದೂ ಹೇಳಿರಲಿಲ್ಲ. ಅವಳನ್ನೇ ಕೇಳಿದೆ. ಆಗ ಐದು ವರ್ಷದವಳು. ನಮ್ಮಿಬ್ಬರ ಕೂಗಾಟ ಕೇಳಲಾರದೆಯೇ ಮೆಟ್ಟಿಲ ಕಡೆ ನಡೆದಳಂತೆ.